ಸುಡಲೊಪ್ಪದ ಶಿವ

ಮುಂಡಾಜೆಯಿಂದ ವೇಣೂರಿನವರೆಗೂ ಕಾಂತಿ ಜೀಪಿನಲ್ಲಿ ಮನ್ಮಥನ ಮಾತುಗಳನ್ನು ಗಟ್ಟಿಯಾಗಿ ಹೇಳುತ್ತಲೇ ಬಂದಳು. ಗಾಡಿ ಓಡಿಸುತ್ತಿದ್ದ ಗಂಡ ಸುಬ್ಬಪ್ಪ ನಡುವೆ ಒಮ್ಮೆ "ಹ್ಞೂಂ" ಎಂದ. ಅದು ಅವಳ ಮಾತಿಗೋ ಎದುರಿನ ಹೊಂಡಕ್ಕೋ ಗೊತ್ತಾಗಲಿಲ್ಲ. ಮದುವೆಯಾದಾಗಿನಿಂದ ಅವಳಿಗೆ ಸಿಕ್ಕಿದ್ದು ಇದೊಂದೇ. ಹೊಸ ಸೀರೆಗೂ ಹ್ಞೂಂ, ಉಪ್ಪು ಹೆಚ್ಚಾದ ಸಾರಿಗೂ ಹ್ಞೂಂ. ಈ ಮನುಷ್ಯನ ಬಾಯಿಂದ ತನ್ನ ಬಗ್ಗೆ ಒಂದು ಪೂರ್ತಿ ವಾಕ್ಯ ಕೇಳಿಯೇ ಸಾಯಬೇಕೆಂಬುದು ಅವಳ ಹಟ.

ಅಂದು ಅಲ್ಲಿ ಮಹಿಳಾ ಮಂಡಲದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಕುರ್ಚಿಯಲ್ಲಿ ಕುಳಿತವರು ಪಾತ್ರಗಳಾಗಿ ಆಗಲೇ ಹುಟ್ಟಿದ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಕೇಳಿದ ಪ್ರಶ್ನೆಗೆ ಎದುರಿನವರು ಉತ್ತರ ಕೊಡದೆ ಕಥೆ ಮುಂದೆ ಹೋಗುವುದಿಲ್ಲ. ಕಾಂತಿ ಮನ್ಮಥ, ಸೇಸಮ್ಮ ರತಿ, ಟೀಚರ್ ವಿಸ್ಮಿತಾ ಶಿವ.

ಆದರೆ ವಿಸ್ಮಿತಾಳ ಗಂಟಲು ಬೆಳಿಗ್ಗೆಯೇ ವಿಷ ಕುಡಿದವರ ಹಾಗೆ ಕಟ್ಟಿತ್ತು. ಭಾಗವತ ನಿತೇಶ, ಬಾಗಿಲಲ್ಲಿ ಪೇಪರ್ ಹಿಡಿದು ನಿಂತಿದ್ದ ಸುಬ್ಬಪ್ಪನ ಕೈ ಹಿಡಿದ.

"ಸುಬ್ಬಪ್ಪಣ್ಣ, ನೀವೇ ಕೂತ್ಕೊಳ್ಳಿ. ಶಿವ ತಪಸ್ಸಿನಲ್ಲಿರುವುದು. ಕೊನೆಗೆ 'ಸುಟ್ಟು ಬೂದಿಯಾಗು' ಅಂದ್ರೆ ಆಯ್ತು."

"ಬೇರೆ ಮಾತಿಲ್ಲ ಅಲ್ವಾ?"

"ಇಲ್ಲ ಮಾರಾಯ್ರೆ."

"ಹ್ಞೂಂ."

ಸುಬ್ಬಪ್ಪ ಶಾಲು ಹೊದ್ದು ಕಣ್ಣು ಮುಚ್ಚಿದ. ಎದುರಿಗೆ ಕುಳಿತ ಕಾಂತಿಗೆ ನಗೆಯೂ ಸಿಟ್ಟೂ ಒಟ್ಟಿಗೇ ಬಂದವು. ಮನೆಯಲ್ಲಿ ದಿನವೂ ಮಾಡುವುದನ್ನೇ ಶಾಲು ಹೊದ್ದು ಮಾಡಿದರೆ ಅದಕ್ಕೆ ತಪಸ್ಸೆಂದು ಹೆಸರು.

ಪದ್ಯ ಮುಗಿಯಿತು. ಕಲಿತದ್ದೆಲ್ಲ ಅವಳಿಗೆ ಮರೆತುಹೋಯಿತು, ಮರೆಯದಿದ್ದದ್ದು ಮಾತ್ರ ಬಾಯಿಗೆ ಬಂತು.

"ಎಲೈ ಮಹಾದೇವ, ನನ್ನ ಕಬ್ಬಿನ ಬಿಲ್ಲು ಬಾಗಿ ಬಾಗಿ ಮುದಿಯಾಯಿತು. ಹೂಬಾಣ ಬಿಟ್ಟರೆ ನೀನು ಪೇಪರನ್ನು ಅಡ್ಡ ಹಿಡಿಯುತ್ತೀಯೆ. ಮದುವೆಯ ಹೊಸತರಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ ತೋರಿಸುತ್ತೇನೆ ಎಂದೆಯಲ್ಲ, ಒಂದು ಕಂಬವನ್ನಾದರೂ ತೋರಿಸಿದೆಯಾ? ಉತ್ತರ ಕೊಡು."

ಸಭೆ ನಗೆಯಲ್ಲಿ ಮುಳುಗಿತು. ಮದ್ದಳೆಯವನೂ ನಕ್ಕು ತಾಳ ತಪ್ಪಿದ. ನಿತೇಶ ಗಾಬರಿಯಿಂದ, "ಸುಬ್ಬಪ್ಪಣ್ಣ, ಸುಟ್ಟುಬಿಡಿ" ಎಂದು ಪಿಸುಗುಟ್ಟಿದ.

ಸುಬ್ಬಪ್ಪ ಕಣ್ಣು ತೆರೆದ. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ಹೆಂಡತಿಯನ್ನು ನೋಡಿದ.

"ನಾನು ಸುಡುವುದಿಲ್ಲ," ಎಂದ ಮೈಕಿನಲ್ಲಿ. "ಬಾಣ ಯಾವಾಗಲೋ ತಾಗಿದೆ. ಹೇಳಲಿಕ್ಕೆ ನನಗೆ ಬರಲಿಲ್ಲ. ಅದಕ್ಕೆ ಇವಳನ್ನು ಸುಡುವುದು ಯಾವ ನ್ಯಾಯ?"

ಒಂದಲ್ಲ, ಇಷ್ಟೊಂದು ವಾಕ್ಯ. ಕಾಂತಿಗೆ ಅವುಗಳನ್ನು ಎಲ್ಲಿಡುವುದೆಂದೇ ತೋಚಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಸೇಸಮ್ಮ ಬಿಡಲಿಲ್ಲ. "ಅದು ಹೇಗಾಗ್ತದೆ? ಇವಳು ಬೂದಿಯಾದ ಮೇಲೆ ನಾನು ಅಳುವುದು ಉಂಟು. ದನಗಳ ಎದುರು ಅತ್ತು ಅತ್ತು ಕಲಿತಿದ್ದೇನೆ. ಅವೂ ಹುಲ್ಲು ಬಿಟ್ಟು ನೋಡ್ತಾ ಇದ್ದವು. ಒಂಚೂರು ಸುಡಿ ಸುಬ್ಬಪ್ಪಣ್ಣ."

"ಸುಟ್ಟುಬಿಡಿ," ಎಂದಳು ಕಾಂತಿಯೂ ಮೆಲ್ಲಗೆ. "ಪಾಪ, ಅವಳು ಅಳಲಿ."

"ಮೊದಲು ಮೂಡಬಿದಿರೆಗೆ ಹೋಗಿ ಬರುವ. ಬಂದ ಮೇಲೆ ಬೇಕಾದರೆ ಸುಡುವ," ಎಂದು ಸುಬ್ಬಪ್ಪ ಶಾಲು ಮಡಚಿಟ್ಟು ಎದ್ದ. ಬಸದಿಯ ಬಾಗಿಲು ಹಾಕುವ ಮೊದಲು ತಲುಪಬೇಕಿತ್ತು.

ಕಾಂತಿ ಜೀಪು ಹತ್ತುವಾಗ ಒಳಗಿನಿಂದ ಮೈಕಿನಲ್ಲಿ ಸೇಸಮ್ಮನ ವಿಲಾಪ ಕೇಳಿಸಿತು. ಅಷ್ಟು ಚೆನ್ನಾಗಿ ಅವಳು ದನಗಳ ಎದುರೂ ಅತ್ತಿರಲಾರಳು.

"ಹಾ ವಿಧಿಯೇ, ನನ್ನ ಪತಿಯನ್ನು ಶಿವನು ಜೀಪಿನಲ್ಲಿ ಮೂಡಬಿದಿರೆಗೆ ಕರೆದೊಯ್ದನಲ್ಲಾ..."

"ಚಂದ ಅಳ್ತಾಳೆ ಅಲ್ವಾ?" ಎಂದಳು ಕಾಂತಿ.

"ಹ್ಞೂಂ," ಎಂದ ಸುಬ್ಬಪ್ಪ.