ಮೂವತ್ತೊಂದನೇ ಕಾರ್ಡಿನ ಕಿಟಕಿ

ಆ ಪ್ರೆಸ್ಸಿನಲ್ಲಿ ಪ್ರೂಫು ತಿದ್ದುತ್ತಿದ್ದವಳನ್ನು ಎಲ್ಲರೂ ತಪ್ಪಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕೆಂಪು ಪೆನ್ನು. ಬಸ್ಸಿನ ವೇಳಾಪಟ್ಟಿಯಿರಲಿ, ಔಷಧದ ಸೀಸೆಯ ಚೀಟಿಯಿರಲಿ, ಶಾಲೆಯ ಪ್ರಶ್ನೆಪತ್ರಿಕೆಯಿರಲಿ, ಅವಳ ಕಣ್ಣು ತಪ್ಪಿಸಿ ಒಂದಕ್ಷರ ಆಚೆ ಹೋಗುತ್ತಿರಲಿಲ್ಲ. ಕೆಮ್ಮಿನ ಔಷಧದ ಚೀಟಿಯಲ್ಲಿ 'ಊಟದ ನಂತರ ಎರಡು ಚಮಚ' ಎಂದಿರಬೇಕಾದದ್ದು 'ಓಟದ ನಂತರ' ಎಂದಾಗಿದ್ದಾಗ ಹಿಡಿದವಳು ಅವಳೇ. ಪ್ರೆಸ್ಸಿನ ಯಜಮಾನರು ಇದನ್ನು ಬಂದವರಿಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಪ್ಪಕ್ಕ ನಗುತ್ತಿರಲಿಲ್ಲ. ತಪ್ಪು ತಪ್ಪೇ, ಅದರಲ್ಲಿ ನಗುವುದೇನಿದೆ ಎಂಬುದು ಅವಳ ನಿಲುವು.

ಪ್ರೆಸ್ಸಿನ ಮಹಡಿಯಲ್ಲಿ ಒಂದು ಸ್ಟುಡಿಯೋ. ಅಲ್ಲಿ ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದವರು ಮಾಸ್ಟರು. ಅರವತ್ತಕ್ಕೆ ಎರಡು ವರ್ಷ ಕಮ್ಮಿ, ಒಂಟಿ ಜೀವ, ಜೇಬಿನ ತುಂಬ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಮುಖಕ್ಕೆ ಬೆಳಕು ಹೇಗೆ ಬಿಡಬೇಕು ಎಂಬುದರ ಬಗ್ಗೆ ಅವರು ಒಂದು ಪುಸ್ತಕ ಬರೆದಿದ್ದರು. ಶಿಷ್ಯರು ಅದನ್ನು ಕೊಂಡು, ಲೈಟಿನ ಸ್ಟ್ಯಾಂಡು ಅಲುಗಾಡದಂತೆ ಅದರ ಕಾಲಡಿ ಇಟ್ಟಿದ್ದರು. ಕಣ್ಣಾರೆ ಕಂಡ ಮೇಲೆ ಮಾಸ್ಟರು ಪುಸ್ತಕದ ಆಸೆ ಬಿಟ್ಟು ಕಾರ್ಡು ಮಾಡಲು ಹೊರಟರು. ಒಟ್ಟು ನಲವತ್ತೆಂಟು ಕಾರ್ಡು. ಮುಂದೆ ಒಂದು ಮುಖ. ಹಿಂದೆ, ಆ ಮುಖಕ್ಕೆ ಬೆಳಕು ಎಲ್ಲಿಂದ, ಎಷ್ಟು ದೂರದಿಂದ ಬಿತ್ತು ಎಂಬುದರ ನಕ್ಷೆ. ಐದೈದರ ಪೊಟ್ಟಣ. ಒಳಗೆ ಯಾವುದಿದೆ ಎಂದು ಒಡೆದ ಮೇಲೆಯೇ ಗೊತ್ತಾಗುವುದು. ಪೂರ್ತಿ ಕಟ್ಟು ಕೂಡಿಸಬೇಕೆಂದರೆ ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಲೇಬೇಕು. ಹಾಗೆ ಬದಲಾಯಿಸುವಾಗಲಾದರೂ ಹಿಂದುಮುಂದು ನೋಡುತ್ತಾರೆ ಎಂಬುದು ಅವರ ಲೆಕ್ಕಾಚಾರ.

ತೊಡಕು ಬಂದದ್ದು ಮುಖದ್ದು. ನಲವತ್ತೆಂಟಕ್ಕೂ ಒಂದೇ ಮುಖ ಬೇಕು, ಬೆಳಕು ಮಾತ್ರ ಬದಲಾಗಬೇಕು. ಶಿಷ್ಯರನ್ನು ಕೂರಿಸಿದರೆ ಐದು ನಿಮಿಷಕ್ಕೆ ತುರಿಕೆ, ಹತ್ತು ನಿಮಿಷಕ್ಕೆ ನಗು. ಒಂದು ದಿನ ಕಾರ್ಡಿನ ಬರಹ ಕೊಡಲು ಕೆಳಗೆ ಬಂದ ಮಾಸ್ಟರು, ಪ್ರೂಫು ಓದುತ್ತಿದ್ದ ತಪ್ಪಕ್ಕನನ್ನು ಬಾಗಿಲಲ್ಲೇ ನಿಂತು ನೋಡಿದರು.

"ನೀವು ಹೀಗೆ ಅಲ್ಲಾಡದೆ ಎಷ್ಟು ಹೊತ್ತು ಕೂತಿರ್ತೀರಿ ಮೇಡಮ್?"

"ಐದೂವರೆ ತನಕ."

"ಮುಖದಲ್ಲಿ ಏನೂ ಬದಲಾಗಲ್ವಾ?"

"ಏನು ಬದಲಾಗ್ಬೇಕು?"

ಮಾಸ್ಟರು ಅವತ್ತೇ ಯಜಮಾನರ ಒಪ್ಪಿಗೆ ಕೇಳಿದರು. ಯಜಮಾನರು, "ನನ್ನನ್ನೇನು ಕೇಳ್ತೀರಿ, ಮುಖ ಅವರದು" ಎಂದರು.

ತಪ್ಪಕ್ಕನ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಅವಳು ಮತ್ತು ಅತ್ತೆ, ಇಬ್ಬರೇ. ವಿಷಯ ಕೇಳಿ ಅತ್ತೆ ಕೈಲಿದ್ದ ಲೋಟ ಕೆಳಗಿಟ್ಟರು.

"ನಲವತ್ತೆಂಟು ಫೋಟೋನಾ? ನಿನ್ನ ಮದುವೇಲೂ ಅಷ್ಟು ತೆಗ್ದಿರ್ಲಿಲ್ಲ ಕಣೇ."

"ಬೆಳಕು ಬೇರೆ ಬೇರೆ ಅತ್ತೆ. ಮುಖ ಒಂದೇ."

"ಪಾಪ, ಆ ಮನುಷ್ಯನಿಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಸಿಕ್ಕಿದ್ರಂತೆ. ಅಲ್ಲಾಡಿದ್ರಂತೆ."

ನಾಲ್ಕು ಭಾನುವಾರ ಮಧ್ಯಾಹ್ನ ಅವಳು ಮಹಡಿ ಹತ್ತಿದಳು. ಬೆಳಕು ನೆತ್ತಿಯ ಮೇಲಿಂದ ಬಿದ್ದಾಗ ಅವಳ ಕಣ್ಣುಗಳು ಎರಡು ಗುಳಿಗಳಾದವು. ಗಲ್ಲದ ಕೆಳಗಿಂದ ಬಿದ್ದಾಗ, ಯಾರನ್ನೋ ಮುಗಿಸಿ ಕೈ ತೊಳೆದುಕೊಂಡು ಬಂದವಳಂತೆ ಕಂಡಳು. ಬೆನ್ನ ಹಿಂದಿಂದ ಬಿದ್ದಾಗ ಕೂದಲಿನ ಅಂಚಷ್ಟೇ ಉಳಿಯಿತು. ಹೇಗೆ ಬಂದಿದೆ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. "ಎಷ್ಟನೇದು?" ಎಂದು ಕೇಳುತ್ತಿದ್ದಳು, ಅಷ್ಟೇ.

ಮೂರನೇ ಭಾನುವಾರ ಮೂವತ್ತೊಂದನೆಯದರ ಸರದಿ. ಮಾಸ್ಟರು ಎಲ್ಲ ಲೈಟುಗಳನ್ನೂ ಆರಿಸಿದರು. ಒಂದು ಪಕ್ಕದಲ್ಲಿ ಕಿಟಕಿ, ಇನ್ನೊಂದು ಪಕ್ಕದಲ್ಲಿ ಬೆಳಕನ್ನು ವಾಪಸ್ಸು ಕಳಿಸಲು ಬಿಳಿ ರಟ್ಟು.

"ಕಿಟಕಿ ಕಡೆ ನೋಡಿ ಮೇಡಮ್."

ನೋಡಿದಳು. ಸ್ವಲ್ಪ ಹೊತ್ತಿಗೆ ಅವಳ ತುಟಿಯ ಒಂದು ಕೊನೆ ಮೇಲೇರಿತು, ಕಣ್ಣಿನ ಪಕ್ಕ ಎರಡು ಗೆರೆ ಮೂಡಿತು. ಮಾಸ್ಟರು ಕ್ಯಾಮೆರಾದ ಗುಂಡಿ ಒತ್ತಿದರು. "ಇವತ್ತಿಗೆ ಸಾಕು" ಎಂದರು. ಆ ದಿನದ ಪಾಲಿನಲ್ಲಿ ಇನ್ನೂ ನಾಲ್ಕು ಬಾಕಿಯಿತ್ತು.

ಪ್ರೂಫು ಬಂತು. ತಪ್ಪಕ್ಕ ನಲವತ್ತೆಂಟನ್ನೂ ಎರಡೆರಡು ಸಲ ಓದಿ, ಹತ್ತೊಂಬತ್ತು ತಪ್ಪು ತಿದ್ದಿ, ಸಹಿ ಹಾಕಿದಳು. ಕಾರ್ಡು ಅಚ್ಚಾಗಿ ಪೊಟ್ಟಣವಾಯಿತು. ಮಾಸ್ಟರು ಬೇರೆ ಊರಿನ ವಸ್ತುಸಂಗ್ರಹಾಲಯದ ಹಳೇ ಮಡಕೆಗಳ ಫೋಟೋ ತೆಗೆಯಲು ಎರಡು ತಿಂಗಳು ಹೋದರು. ಅವರು ಹೋದ ಮೂರನೇ ವಾರ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಶಿಷ್ಯೆಯೊಬ್ಬಳು ಪ್ರೆಸ್ಸಿಗೆ ಬಂದಳು.

"ಅಕ್ಕಾ, ಮೂವತ್ತೊಂದರಲ್ಲಿ ಕಿಟಕಿ ಅದಲುಬದಲಾಗಿದೆ. ಫೋಟೋದಲ್ಲಿ ಬೆಳಕು ಬಲಗಡೆಯಿಂದ ಬಂದಿದೆ. ನಕ್ಷೇಲಿ ಕಿಟಕಿ ಎಡಗಡೆ ಇದೆ."

ತಪ್ಪಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಕಿಟಕಿ ಎಡಗಡೆಯೇ ಇತ್ತು.

ಸಂಜೆ ಅವಳು ತಟ್ಟೆಯ ಮುಂದೆ ಸುಮ್ಮನೆ ಕೂತದ್ದನ್ನು ಕಂಡು ಅತ್ತೆ ಕೇಳಿದರು, "ಏನಾಯ್ತೇ?"

"ಕಿಟಕಿ ಎಡಗಡೆ ಬಂದ್ಬಿಟ್ಟಿದೆ."

ಅತ್ತೆ ತಿರುಗಿ ಗೋಡೆ ನೋಡಿದರು. "ಇಲ್ವಲ್ಲ, ಇದ್ದಲ್ಲೇ ಇದೆ."

"ಕಾರ್ಡಿಂದು."

"ಹಾಗನ್ನು ಮತ್ತೆ. ಎದೆ ಧಸಕ್ ಅಂತು."

ಹೇಗೆ ತಪ್ಪಿತು ಎಂಬುದು ತಪ್ಪಕ್ಕನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಪ್ರೂಫು ಓದುವಾಗ ಮೂವತ್ತೊಂದರ ಮುಂಬದಿ ನೋಡಿ ಹಿಂಬದಿಗೆ ಹೊರಳಿಸಿದ್ದಳು; ಕಣ್ಣು ಹಿಂದಕ್ಕೆ ಹೋಗಿತ್ತು, ಮನಸ್ಸು ಮುಂದೆಯೇ ಉಳಿದಿತ್ತು. ಅಂಥ ಮುಖವನ್ನು ಅವಳು ತನ್ನ ಕನ್ನಡಿಯಲ್ಲಿ ಕಂಡದ್ದೇ ಇರಲಿಲ್ಲ.

ಯಜಮಾನರಿಗೆ ಹೇಳಿ, ಸರಿಯಾದ ನಕ್ಷೆಯ ಚೀಟಿ ಅಚ್ಚು ಹಾಕಿಸಿದಳು. ಪ್ರೆಸ್ಸಿನಲ್ಲಿ ಉಳಿದಿದ್ದ ಮೂವತ್ತೊಂದಕ್ಕೆಲ್ಲ ತಾನೇ ಕೂತು ಅಂಟಿಸಿದಳು. ಆದರೆ ಅಷ್ಟರಲ್ಲಿ ಮುನ್ನೂರು ಆಚೆ ಹೋಗಿಯಾಗಿತ್ತು. ಚೀಟಿ ಅಂಟಿಸಿದ್ದು ಬಂದದ್ದೇ ತಡ, ಚೀಟಿ ಇಲ್ಲದ್ದಕ್ಕೆ ಕೋಡು ಮೂಡಿತು. ಅದಕ್ಕೆ 'ತಪ್ಪು ಮೂವತ್ತೊಂದು' ಎಂಬ ಹೆಸರೂ ಬಿತ್ತು. ಒಂದು ತಪ್ಪು ಮೂವತ್ತೊಂದಕ್ಕೆ ಬೇರೆ ಆರು ಕಾರ್ಡು ಕೊಡಲು ಜನ ತಯಾರಾದರು.

ಕಾರ್ಡು ಬದಲಾಯಿಸುವವರು ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಸೇರುತ್ತಿದ್ದರು. ತಪ್ಪಕ್ಕ ಚೀಲದ ತುಂಬ ಸರಿ ಮೂವತ್ತೊಂದು ತುಂಬಿಕೊಂಡು ಅಲ್ಲಿಗೆ ಹೋದಳು. ಅವಳನ್ನು ಕಂಡದ್ದೇ ಮೆಟ್ಟಿಲ ಮೇಲಿದ್ದವರೆಲ್ಲ ಎದ್ದು ನಿಂತರು.

"ಇವರೇ ಕಣೋ! ಅಕ್ಕಾ, ಸ್ವಲ್ಪ ಬಿಸಿಲಿಗೆ ತಿರುಗಿ. ನೋಡೋ ಮೂಗಿನ ನೆರಳು, ಥೇಟ್ ಹನ್ನೆರಡನೇ ಕಾರ್ಡು!"

"ಹನ್ನೆರಡಲ್ಲ, ಹದಿನಾಲ್ಕು. ಕೆನ್ನೆ ಮೇಲೆ ತ್ರಿಕೋನ ಬಿದ್ದಿದೆ ನೋಡು."

"ತಪ್ಪಿರೋದು ಕೊಡಿ," ಎಂದಳು ತಪ್ಪಕ್ಕ. "ಸರಿ ಇರೋದು ಕೊಡ್ತೀನಿ."

"ಸರಿ ಇರೋದು ಎಲ್ಲರ ಹತ್ರಾನೂ ಇದೆಯಲ್ಲಕ್ಕಾ."

ಒಬ್ಬ ತನ್ನ ತಪ್ಪು ಮೂವತ್ತೊಂದರ ಮೇಲೆ ಅವಳ ಸಹಿ ಕೇಳಿದ. ಅವಳು ಕೆಂಪು ಪೆನ್ನಿನಲ್ಲಿ ನಕ್ಷೆಗೆ ಅಡ್ಡಗೆರೆ ಎಳೆದು, 'ತಪ್ಪು' ಎಂದು ಬರೆದು, ಸಹಿ ಹಾಕಿ ಕೊಟ್ಟಳು. ಅಲ್ಲೇ, ಅವಳ ಕಣ್ಣೆದುರೇ, ಅದಕ್ಕೆ ಹನ್ನೆರಡು ಕಾರ್ಡು ಬಂತು. ಮೂರು ಭಾನುವಾರ ಹೋಗಿ ಅವಳು ವಾಪಸ್ಸು ಪಡೆದದ್ದು ನಾಲ್ಕು. ಅದರಲ್ಲಿ ಒಂದರ ಮೇಲೆ ಕಾಫಿ ಚೆಲ್ಲಿತ್ತು.

ಲೈಸೆನ್ಸ್ ಆಫೀಸಿನ ಗೋಡೆಯ ಮೇಲೆ ಒಂದಿದೆ ಎಂದು ಹೇಳಿದವಳು ಅದೇ ಶಿಷ್ಯೆ. ತಪ್ಪಕ್ಕ ಅರ್ಧ ದಿನ ರಜೆ ಹಾಕಿ ಹೊರಟಳು. ನಂಬರ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ನಂಬರ್ ತೆಗೆದುಕೊಂಡು ಸಾಲಿನಲ್ಲಿ ನಿಂತಳು, ಅರವತ್ತೇಳು.

ಫೋಟೋ ತೆಗೆಯುವ ಕೋಣೆಯಲ್ಲಿ ಒಂದು ಸ್ಟೂಲು, ಒಂದು ಕ್ಯಾಮೆರಾ, ಅದರ ಹಿಂದೆ ಆಫೀಸಿನ ಹೆಂಗಸು. ಕ್ಯಾಮೆರಾದ ಸ್ವಲ್ಪ ಮೇಲೆ, ಗೋಡೆಗೆ, ಮೂವತ್ತೊಂದು. ಲಾರಿ ಡ್ರೈವರೊಬ್ಬ ಸ್ಟೂಲಿನ ಮೇಲೆ ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಸೆಟೆದು ಕೂತಿದ್ದ.

"ಅಲ್ಲಿ ಆ ಅಮ್ಮನ್ನ ನೋಡಿ," ಎಂದಳು ಹೆಂಗಸು.

ಡ್ರೈವರು ನೋಡಿದ. ಅವನ ಭುಜ ಎರಡಂಗುಲ ಕೆಳಗಿಳಿಯಿತು. ದವಡೆ ಸಡಿಲವಾಯಿತು. ಕ್ಲಿಕ್ ಎಂದಿತು. ಮುಂದಿನವರು ಒಬ್ಬ ಮುದುಕಿ, ಆಮೇಲೆ ಜಗಳವಾಡುತ್ತಲೇ ಬಂದ ಗಂಡಹೆಂಡತಿ. ಒಬ್ಬೊಬ್ಬರೂ ಗೋಡೆ ನೋಡಿದರು, ಒಬ್ಬೊಬ್ಬರ ಮುಖದ ಗಂಟೂ ಬಿಚ್ಚಿತು.

ಅರವತ್ತೇಳು ಬಂತು.

"ನನಗೆ ಲೈಸೆನ್ಸ್ ಬೇಡ," ಎಂದಳು ತಪ್ಪಕ್ಕ. "ಆ ಕಾರ್ಡು ಬೇಕು. ಅದರ ಹಿಂದೆ ತಪ್ಪಿದೆ."

"ಹಿಂದೆ ಏನಾದ್ರೂ ಇದೆಯಾ?" ಹೆಂಗಸಿಗೆ ಆಶ್ಚರ್ಯ. "ನಾನು ನೋಡೇ ಇಲ್ವಲ್ಲ. ಮಗಳಿಗೆ ಎರಡು ಬಂದಿತ್ತು, ಒಂದು ಕೊಟ್ಲು. ಕಿತ್ರೆ ಹರಿದು ಹೋಗುತ್ತೆ ಅಮ್ಮಾ, ಗಟ್ಟಿ ಅಂಟು ಹಾಕಿದೀನಿ." ಆಮೇಲೆ ಅವಳು ತಪ್ಪಕ್ಕನನ್ನು ನೋಡಿದಳು, ಗೋಡೆ ನೋಡಿದಳು, ಮತ್ತೆ ತಪ್ಪಕ್ಕನನ್ನು ನೋಡಿದಳು. "ನೀವೇನಾ ಇದು?"

"ಹೌದು."

"ಏನು ನೋಡಿ ನಕ್ಕಿದ್ರಿ?"

"ಹಿಂದೆ ಜನ ಕಾಯ್ತಿದಾರೆ," ಎಂದು ತಪ್ಪಕ್ಕ ಪಕ್ಕಕ್ಕೆ ಸರಿದಳು.

ಸರಿದವಳು ಹೋಗಲಿಲ್ಲ. ಬಾಗಿಲ ಬಳಿ ನಿಂತು ಇನ್ನೂ ಹನ್ನೊಂದು ಜನರನ್ನು ನೋಡಿದಳು. ನಕ್ಷೆ ಗೋಡೆಯ ಕಡೆಗಿತ್ತು, ಅದು ಯಾರಿಗೂ ಬೇಕಾಗಿರಲಿಲ್ಲ. ಅರ್ಧ ದಿನದ ರಜೆ ಪೂರ್ತಿ ದಿನದ್ದಾಯಿತು. ಮನೆಗೆ ಹೋಗಿ ಚೀಲವನ್ನು ಬೀರುವಿನ ಮೇಲಿಟ್ಟಳು. ಮತ್ತೆ ಮೆಟ್ಟಿಲ ಕಡೆ ಹೋಗಲಿಲ್ಲ.

ಮುಂದಿನ ವಾರ ಮಾಸ್ಟರು ಊರಿಂದ ಬಂದವರು ಸೀದಾ ಅವಳ ಮೇಜಿಗೆ ಬಂದರು.

"ಮೂವತ್ತೊಂದು ತಪ್ಪಾಗಿದೆಯಂತೆ."

"ನನ್ನ ತಪ್ಪು," ಎಂದಳು ತಪ್ಪಕ್ಕ. "ಹಿಂದಿಂದು ಓದುವಾಗ ಮುಂದಿಂದು ನೋಡ್ತಿದ್ದೆ."

ಮಾಸ್ಟರು ಜೇಬಿನಿಂದ ಒಂದು ಕ್ಲಿಪ್ಪು ತೆಗೆದು, ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡರು. "ನಕ್ಷೆ ಬರೆದವನು ನಾನು."

"ಸಹಿ ಹಾಕಿದವಳು ನಾನು."

"ಬರೆಯುವಾಗಲೇ ತಪ್ಪಿತ್ತಲ್ಲ ಮೇಡಮ್. ಅವತ್ತು ನೀವು ಹೋದ ಮೇಲೆ ನಿಮ್ಮ ಕುರ್ಚೀಲಿ ಕೂತೆ. ನೀವು ಏನು ನೋಡಿ ನಕ್ಕಿದ್ದು ಅಂತ ತಿಳೀಬೇಕಿತ್ತು. ಒಂದು ಗಂಟೆ ಕೂತೆ. ಅಲ್ಲೇ ಕೂತು ನಕ್ಷೆ ಬರೆದೆ. ಕ್ಯಾಮೆರಾ, ಕುರ್ಚಿ ಎಲ್ಲ ರೂಢಿ ಪ್ರಕಾರ, ಫೋಟೋ ತೆಗೆಯೋನ ಕಡೆಯಿಂದ ನೋಡಿದ ಹಾಗೆ ಬಂತು. ಕಿಟಕಿ ಮಾತ್ರ, ಕೂತವರಿಗೆ ಯಾವ ಕಡೆ ಕಾಣುತ್ತೋ ಆ ಕಡೆ ಬಂತು."

ತಪ್ಪಕ್ಕ ಪೆನ್ನಿನ ಮುಚ್ಚಳ ಹಾಕಿದಳು. "ಏನು ಕಾಣಿಸ್ತು?"

"ನೀರಿನ ಟ್ಯಾಂಕು."

"ಅದರ ಮೇಲೆ ಬರೆದಿರೋದು ಓದಲಿಲ್ವಾ?"

"ಓದಿದೆ. ಕುಡಿಯುವ ನೀರು."

"ಅಲ್ಲ."

ಇಬ್ಬರೂ ಮಹಡಿ ಹತ್ತಿದರು. ಮಾಸ್ಟರು ಕುರ್ಚಿಯಲ್ಲಿ ಕೂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದರು. ಆಚೆ ಬೀದಿಯ ಟ್ಯಾಂಕಿನ ಮೇಲೆ ಆಳೆತ್ತರದ ನೀಲಿ ಅಕ್ಷರಗಳಲ್ಲಿ 'ಕುಣಿಯುವ ನೀರು' ಎಂದಿತ್ತು. ಅವರು ಸದ್ದಿಲ್ಲದೆ ನಗುವವರು. ಕುರ್ಚಿ ಮಾತ್ರ ಕಿರುಗುಟ್ಟಿತು.

"ಒಂದು ಗಂಟೆ ನೋಡಿದ್ನಲ್ಲ ಮೇಡಮ್!" ಎಂದು ಕಣ್ಣೊರೆಸಿಕೊಂಡರು. "ಆದ್ರೆ ನೀವು ತಪ್ಪು ಕಂಡ್ರೆ ನಗೋರಲ್ಲ."

"ಅಷ್ಟು ಎತ್ತರಕ್ಕೆ ನನ್ನ ಪೆನ್ನು ಹೋಗಲ್ಲ," ಎಂದಳು ತಪ್ಪಕ್ಕ. "ಇದು ನನ್ನ ಕೆಲಸ ಅಲ್ಲ ಅಂತ ಗೊತ್ತಾಯ್ತು. ನಗು ಬಂತು."

ಎರಡನೇ ಸಲ ಅಚ್ಚಾಗುವಾಗ ಮಾಸ್ಟರು ಮೂವತ್ತೊಂದರ ನಕ್ಷೆ ಹೊಸದಾಗಿ ಬರೆದರು. ಕಿಟಕಿ ಬಲಗಡೆಗೆ ಬಂತು. ಕಿಟಕಿಯ ಆಚೆ ಒಂದು ಪುಟ್ಟ ಟ್ಯಾಂಕು, ಅದರ ಮೇಲೆ ಆ ಎರಡು ಪದ, ಇದ್ದದ್ದು ಇದ್ದ ಹಾಗೆ. ತಪ್ಪಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಅಂಚಿನಲ್ಲಿ 'ಇರಲಿ' ಎಂದು ಬರೆದು ಸಹಿ ಹಾಕಿದಳು. ಯಜಮಾನರು ಮೆಷಿನ್ ಪಕ್ಕದಿಂದಲೇ ಕೂಗಿ, ಮೈ ಹುಷಾರಿದೆಯೇ ಎಂದು ವಿಚಾರಿಸಿದರು.

ಸಂಜೆ ಅವಳು ಪ್ರೆಸ್ಸಿನ ಬಾಗಿಲು ಹಾಕುವ ಹೊತ್ತಿಗೆ ಮಾಸ್ಟರು ಇಳಿದು ಬಂದರು.

"ಇನ್ನೊಂದು ಕಟ್ಟು ಮಾಡೋಣ ಅಂತಿದೀನಿ. ಈ ಸಲ ಬರೀ ಕೈಗಳು. ಮತ್ತೆ ನಾಲ್ಕು ಭಾನುವಾರ ಬೇಕಾಗುತ್ತೆ."

ತಪ್ಪಕ್ಕ ಶಾಯಿ ಹತ್ತಿದ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿಕೊಂಡಳು.

"ಈ ಭಾನುವಾರ ಬೆಳಿಗ್ಗೆ ಅತ್ತೇನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು," ಎಂದಳು. "ಮಧ್ಯಾಹ್ನ ಆದ್ರೆ ಬರ್ತೀನಿ."