ಗಂಡಸರ ಆರಾಧನೆ

ನಮ್ಮ ಯಜಮಾನರಿಗೆ ದೇವರಿಗಿಂತ ಕ್ರಮ ದೊಡ್ಡದು. ಹೆಸರು ಸತ್ಯಮಿತ್ರ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು, ಕುರ್ಚಿ ಬಿಟ್ಟು ಇರಲಾರದೆ ದೆಹಲಿಯ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ಹಿರಿಯರಾದರು. ಸಭೆಗೆ ಸ್ವಂತ ಚರ್ಚೂ ಇಲ್ಲ. ಹೌಜ್ ಖಾಸ್ ಹತ್ತಿರದ ಒಂದು ಚರ್ಚಿನವರು ತಮ್ಮ ಆರಾಧನೆ ಮುಗಿದ ಮೇಲೆ ಭಾನುವಾರ ಮಧ್ಯಾಹ್ನ ಜಾಗ ಕೊಡುತ್ತಾರೆ. ನಮ್ಮ ಮನೆಯಿರುವ ರೋಹಿಣಿಯಿಂದ ಮೆಟ್ರೋ ಹತ್ತಿ ಹೋಗುತ್ತೇವೆ. ದಾರಿಯುದ್ದಕ್ಕೂ ಅವರು ಕ್ರಮದ ಬಗ್ಗೆ ಕೊರೆಯುತ್ತಾರೆ, ನಾನು ಕಿಟಕಿಯ ಹೊರಗೆ ನೋಡುತ್ತೇನೆ.

ಈ ಸಲ ಊರಿಗೆ ಹೊರಟ ಸಭಾಪಾಲಕರು ಒಂದು ಮಾತು ಹೇಳಿ ಹೋದರು: "ನಾನು ಬರೋವರೆಗೂ ಧನ್ಯಾ ಆರಾಧನೆ ನಡೆಸಲಿ. ಪ್ರಸಂಗಾನೂ ಅವಳೇ ಮಾಡಲಿ."

ಧನ್ಯಾ ದೇವಶಾಸ್ತ್ರ ಓದಿದ ಹುಡುಗಿ. ಮುನಿರ್ಕಾದಲ್ಲಿ ರೂಮು ಹಿಡಿದು ಸಂಶೋಧನೆ ಮಾಡುತ್ತಿದ್ದಾಳೆ. ಒಮ್ಮೆಯಾದರೂ ಸಭೆಯ ಮುಂದೆ ನಿಂತು ದೇವರ ವಾಕ್ಯ ಬೋಧಿಸಬೇಕು, ಪ್ರಸಂಗ ಮಾಡಬೇಕೆಂಬ ಅವಳ ಆಸೆ ಕೇಳಿ ಊರಿನಲ್ಲಿ ನಕ್ಕಿದ್ದರಂತೆ. ಇಲ್ಲಿ ಯಾರೂ ನಗಲಿಲ್ಲ. ನಮ್ಮ ಯಜಮಾನರು ಕಮಿಟಿ ಕರೆದರು.

ಕಮಿಟಿ ಎಂದರೆ ಇವರು, ಮನೋಜ್, ಅನೀಶ್. ಮೂವರೂ ಗಂಟು ಮುಖ ಹಾಕಿಕೊಂಡು ಕೂತು ಒಂದು ತೀರ್ಮಾನ ಹೆತ್ತರು. ಧನ್ಯಾ ಪ್ರಸಂಗ ಮಾಡುವ ಹಾಗಿಲ್ಲ. ಬೇಕಾದರೆ ವೇದಿಕೆಯ ಕೆಳಗೆ ನಿಂತು, ತನ್ನ ಬದುಕಿನಲ್ಲಿ ದೇವರು ಮಾಡಿದ್ದರ ಸಾಕ್ಷಿ ಹೇಳಬಹುದು. ಅವೇ ಮಾತುಗಳನ್ನು ಮೆಟ್ಟಿಲು ಹತ್ತಿ ಹೇಳಿದರೆ ತಪ್ಪು, ಇಳಿದು ಹೇಳಿದರೆ ಭಕ್ತಿ!

"ಯಾಕೆ ಅಂಕಲ್?" ಎಂದಳು ಧನ್ಯಾ.

"ಎಲ್ಲದಕ್ಕೂ ಒಂದು ಕ್ರಮ ಇದೆಯಮ್ಮ. ಸ್ತ್ರೀಯರು ಸಭೆಯಲ್ಲಿ ಮೌನವಾಗಿರ್ಬೇಕು ಅಂತ ಬೈಬಲ್‌ನಲ್ಲಿ ಅಪೊಸ್ತಲರೇ ಹೇಳಿದಾರೆ. ಪ್ರಸಂಗ ನಾನೇ ಮಾಡ್ತೀನಿ."

ಹುಡುಗಿ ತುಟಿ ಕಚ್ಚಿಕೊಂಡು ಹೊರಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ಇವರ ಪ್ರಸಂಗ ನನಗೆ ಗೊತ್ತಿಲ್ಲವೇ? ಹಿಂದೊಮ್ಮೆ ಮಾಡಿದಾಗ ಮುಂದಿನ ಸಾಲಿನಿಂದಲೇ ಗೊರಕೆ ಕೇಳಿಸಿತ್ತು.

ಹೊರಗೆ ನಮ್ಮ ಹೆಂಗಸರ ಜೊತೆ ಚಹಾ ಕುಡಿಯುತ್ತ ಅನೀಶನ ತಾಯಿ ಸುಶೀಲಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ಕಪ್ಪು ಕೆಳಗಿಟ್ಟರು. "ಅಪೊಸ್ತಲರ ಮಾತು ಮೀರೋದು ಬೇಡ್ರಮ್ಮ. ಮೌನ ಅಂದ್ರೆ ಮೌನ. ಪೂರ್ತಿ ಪಾಲಿಸೋಣ" ಎಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು.

ಮುಂದಿನ ಭಾನುವಾರ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕೂತೆವು. ಸಭೆಯಲ್ಲಿ ಮುಕ್ಕಾಲು ಪಾಲು ನಾವೇ. ನಮ್ಮವರು ವೇದಿಕೆ ಹತ್ತಿ, "ಎಲ್ಲರೂ ಎದ್ದು ಹಾಡೋಣ" ಎಂದರು. ಎದ್ದೆವು. ಹಾಡಲಿಲ್ಲ.

ಆಗ ಗಂಡಸರ ಬಂಡವಾಳ ಬಯಲಾಯಿತು. ದೆಹಲಿಯಲ್ಲೇ ಬೆಳೆದ ಈ ಮಹಾನುಭಾವರಿಗೆ ಕನ್ನಡ ಅಕ್ಷರ ಓದಲು ಬಾರದು. ಇಷ್ಟು ವರ್ಷ ತಾಯಿಯ, ಹೆಂಡತಿಯ ದನಿ ಹಿಡಿದು, ಒಂದು ಪದ ಹಿಂದೆ ಬಿದ್ದು ಹಾಡಿದವರು. ಅನೀಶ್ ತಾಯಿಯ ಬಾಯನ್ನೇ ನೋಡಿದ, ಅದು ಅಲ್ಲಾಡಲಿಲ್ಲ. ಮನೋಜ್ ಎಲ್ಲೋ ಆಕಾಶದ ಶ್ರುತಿಯಲ್ಲಿ ಶುರುಮಾಡಿ, ಎರಡನೆಯ ಸಾಲಿಗೆ ಕೆಮ್ಮಿ ನಿಂತ. "ಮೈಕ್ ಖರಾಬ್ ಹೈ ಯಾರ್" ಎಂದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಹೆಂಗಸರ ಮೇಲೆ ಗಾದೆ ಕಟ್ಟಿದವರು ಮನೋಜನ ಹಾಡು ಕೇಳಿರಲಿಲ್ಲ.

ಪ್ರಾರ್ಥನೆಯ ನಡುವೆ ಸಭೆ ಉತ್ತರ ಕೊಡಬೇಕಾದ ಕಡೆಯಲ್ಲೆಲ್ಲ ಫ್ಯಾನು ಉತ್ತರ ಕೊಟ್ಟಿತು. ಪ್ರಸಂಗ ಮುಗಿಸಿ, ನಮ್ಮವರು "ಆಮೆನ್ ಹೇಳಿ" ಎಂದು ಅಂಗಲಾಚಿದರು. ಅದಕ್ಕೂ ಹೆಂಗಸರ್ಯಾರೂ ಬಾಯಿ ಬಿಡಲಿಲ್ಲ.

"ಏನಿದು? ಪ್ರಮೋದಿನಿ, ನೀನಾದ್ರೂ ಮಾತಾಡು!"

ಬೆವರುತ್ತಿದ್ದ ಗಂಡನನ್ನು ನೋಡಿ ಒಂದು ಕ್ಷಣ ಅಯ್ಯೋ ಅನ್ನಿಸಿತು. ಪಕ್ಕದಲ್ಲಿದ್ದ ಧನ್ಯಾಳ ಮುಖ ನೋಡಿದೆ, ಆ ಮರುಕವೂ ಹೋಯಿತು. ತಲೆ ತಗ್ಗಿಸಿ ಸುಮ್ಮನೆ ಕೂತೆ.

ಮನೆಯ ಬಾಗಿಲು ಹಾಕಿದ್ದೇ ತಡ, ಇವರು ಸಿಡಿದರು. "ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ!"

"ಮಾತಾಡಿದ್ರೆ ಕ್ರಮ ತಪ್ತಿತ್ತು ರೀ. ಹೆಂಗಸರಿಗೆ ಏನಾದ್ರೂ ತಿಳೀಬೇಕಿದ್ರೆ ಮನೇಲಿ ಗಂಡನ್ನ ಕೇಳ್ಲಿ ಅಂತಾನೂ ಅದೇ ವಚನದ ಮುಂದೆ ಇದೆ. ನೀವು ಅದನ್ನ ಓದ್ಲೇ ಇಲ್ಲ. ಈಗ ಮನೇಲಿದೀವಿ, ಕೇಳ್ತೀನಿ. ಧನ್ಯಾ ಯಾವಾಗ ಪ್ರಸಂಗ ಮಾಡ್ತಾಳೆ?"

"ಕಮಿಟಿ ಸೇರಿ ಯೋಚಿಸ್ಬೇಕು."

"ನಿಧಾನವಾಗಿ ಯೋಚಿಸಿ. ಅಲ್ಲೀತನಕ ಪ್ರತಿ ಭಾನುವಾರ ಹೀಗೇ ನಡೀಲಿ."

ಸ್ವಲ್ಪ ಹೊತ್ತು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಆಮೇಲೆ ಫೋನು ಎತ್ತಿಕೊಂಡರು. "ಧನ್ಯಾ ಬೇಟಾ, ಮುಂದಿನ ವಾರ ನಿನ್ನ ಸಾಕ್ಷಿ..." ನಾನು ಅವರ ಎದುರಿಗೇ ಬಂದು ಕೂತೆ. "...ಅಲ್ಲ, ಪ್ರಸಂಗ. ಹಾಂ, ವೇದಿಕೆ ಮೇಲೇ."

ಫೋನು ಇಟ್ಟು, ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡರು. "ಆಯ್ತಲ್ಲ? ಇನ್ನು ಎಲ್ಲರೂ ಹಾಡ್ತೀರಲ್ಲ? ಯಾವ ಹಾಡು ಇಟ್ಕೊಳ್ಳೋಣ ಹೇಳು."

"ನನ್ನ ಕೇಳ್ಬೇಡಿ, ನೀವೂ ಆರಿಸ್ಬೇಡಿ" ಎಂದೆ. "ಆರಾಧನೆ ನಡೆಸೋಳು ಧನ್ಯಾ. ಅವಳು ಹೇಳಿದ್ದನ್ನ ನೀವು ಕೆಳಗೆ ನಿಂತು ಹಾಡಿ."