ತಕ್ಕಡಿಯ ತಪ್ಪಲ್ಲ

ಬನವಾಸಿ ಕಡೆಯ ನೀಲಗಂಗವ್ವನಿಗೆ ಹಿಡಿದ ಕೆಮ್ಮು ಬಿಡಲೊಲ್ಲದು. ಊರಿನ ಆರೋಗ್ಯ ಕೇಂದ್ರ ಕೂಗಳತೆಯಲ್ಲೇ ಇತ್ತು. ಆದರೂ ಆಕೆ ಒಮ್ಮೆ ಸಿದ್ದಾಪುರಕ್ಕೆ, ಇನ್ನೊಮ್ಮೆ ಯಲ್ಲಾಪುರಕ್ಕೆ ಬಸ್ ಹತ್ತಿ ಹೋಗಿ ಔಷಧಿ ಬಾಟಲಿ ತಂದಳು. ಸಿದ್ದಾಪುರದಲ್ಲಿ ನೀಲವ್ವ ಎಂದು ಬರೆಸಿದಳು, ಯಲ್ಲಾಪುರದಲ್ಲಿ ಗಂಗವ್ವ ಎಂದು. ಹೆತ್ತವರು ಇಟ್ಟ ಒಂದು ಹೆಸರನ್ನು ಹೀಗೆ ಎರಡು ಊರಿಗೆ ಹಂಚಿದವಳು ನಮ್ಮ ಸೀಮೆಯಲ್ಲಿ ಈಕೆಯೊಬ್ಬಳೇ ಇರಬೇಕು.

ಕಾರಣ ಇಲ್ಲದಿಲ್ಲ. ನೀಲಗಂಗವ್ವನಿಗೆ ಎಚ್‌ಐವಿ ಇದೆ. ಶಿರಸಿಯ ಆಸ್ಪತ್ರೆಯಿಂದ ತರುವ ಅದರ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿ, ಅನಾನಸ್ ತೂಗಿ ಮಾರಿಕೊಂಡು ಗಟ್ಟಿಯಾಗಿಯೇ ಇದ್ದಳು. ಊರಲ್ಲಿ ಇದು ಗೊತ್ತಿದ್ದುದು ಗಂಡ ಪರಮೇಶ್ವರಪ್ಪನಿಗೆ ಮಾತ್ರ. ಇಲ್ಲಿಯ ದವಾಖಾನೆಯಲ್ಲಿ ಬಾಯಿಬಿಟ್ಟರೆ ನಾಳೆ ತನ್ನ ಕೈಯ ಹಣ್ಣನ್ನು ಯಾರು ಕೊಳ್ಳುತ್ತಾರೆ? ಈ ಭಯ ಆಕೆಯನ್ನು ಕೆಮ್ಮಿಗಿಂತ ಹೆಚ್ಚು ತಿನ್ನುತ್ತಿತ್ತು. ಹೊರಗಿನ ಊರುಗಳಲ್ಲೂ ಕೆಮ್ಮು ಬಿಟ್ಟು ಬೇರೇನೂ ಹೇಳಿರಲಿಲ್ಲ.

ಕೊನೆಗೆ ಪರಮೇಶ್ವರಪ್ಪ ಹಟ ಹಿಡಿದ. "ಕುಪ್ಪಸ ಜೋಲಾಡಾಕ ಹತ್ಯಾವು. ಇವತ್ತು ಇಲ್ಲೇ ತೋರಿಸೂಣು, ನಡಿ."

ಕೇಂದ್ರದ ನರ್ಸ್ ವಾಣಿಶ್ರೀ ಆಕೆಯನ್ನು ತೂಕದ ಮಷಿನ್ ಮೇಲೆ ನಿಲ್ಲಿಸಿದಳು. ನಲವತ್ತೇಳು ಕಿಲೋ.

"ನಿಮ್ಮ ಮಷಿನ್ ಸರಿ ಇಲ್ಲ ಬಿಡ್ರಿ ಸಿಸ್ಟರ್," ಎಂದಳು ನೀಲಗಂಗವ್ವ. "ಸಿದ್ದಾಪುರದಾಗ ಐವತ್ತೆರಡು ಇದ್ದೆ. ಯಲ್ಲಾಪುರದಾಗ ಐವತ್ತು ಅಂದ್ರು. ಒಂದಕ್ಕೊಂದು ತಾಳಮೇಳ ಇಲ್ಲ."

ವಾಣಿಶ್ರೀ ನಕ್ಕಳು. "ಹಂಗಾರ ನೀವ ಪರೀಕ್ಷಾ ಮಾಡಿ ನೋಡ್ರಿ."

ತೂಕದ ವಿಷಯದಲ್ಲಿ ನೀಲಗಂಗವ್ವನನ್ನು ಕೆಣಕಬಾರದು. ಗಿರಾಕಿಗೆಂದು ಬೆಳಿಗ್ಗೆ ತಾನೇ ತೂಗಿ ಕಟ್ಟಿದ ಐದು ಕಿಲೋ ಅನಾನಸ್ ಚೀಲ ಗಂಡನ ಕೈಯಲ್ಲಿತ್ತು. ಅದನ್ನು ಕಸಿದು ಮಷಿನ್ ಮೇಲಿಟ್ಟು ಬಗ್ಗಿ ನೋಡಿದಳು. ಸರಿಯಾಗಿ ಐದು ತೋರಿಸಿತು.

ಆಕೆಯ ಜಂಬ ಅಲ್ಲೇ ಇಳಿಯಿತು. ಮಷಿನ್ ಸುಳ್ಳು ಹೇಳುತ್ತಿಲ್ಲ, ಕರಗುತ್ತಿರುವುದು ತಾನು. ಊರಿಗೊಬ್ಬರು ಒಂದೊಂದೇ ಸಲ ತೂಗಿದ್ದರು. ಇಳಿಯುತ್ತಿದೆ ಎಂದು ಅವರಿಗಾದರೂ ಹೇಗೆ ತಿಳಿಯಬೇಕು?

ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನ ಮೇಲಿನ ಕಂಪ್ಯೂಟರ್ ತೋರಿಸಿ ದನಿ ತಗ್ಗಿಸಿದಳು. "ಆ ಕಂಪ್ಯೂಟರ್‌ನ್ಯಾಗ ನೀವು ಬರದದ್ದನ್ನ ಯಾರ್ಯಾರು ನೋಡ್ತಾರ ಸಿಸ್ಟರ್?"

"ನಿಮಗ ಔಷಧ ಮಾಡೋರು ನೋಡ್ತಾರ."

"ನಮ್ಮತ್ತಿ ಬಂದು ಕೇಳಿದ್ರ?"

"ನಿಮ್ಮತ್ತಿ ಅಲ್ಲ, ಊರ ಗೌಡ್ರು ಬಂದು ಕೇಳಿದ್ರೂ ಹೇಳಂಗಿಲ್ಲ. ನಿಮ್ಮ ಒಪ್ಪಿಗಿ ಇಲ್ದ ಬಾಯಿಬಿಟ್ರ ಕಾನೂನು ನಮ್ಮನ್ನ ಬಿಡಂಗಿಲ್ಲ."

ನೀಲಗಂಗವ್ವ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ. ಆಕೆ ಎಲ್ಲವನ್ನೂ ಹೇಳಿದಳು.

ವಾಣಿಶ್ರೀ ದೂರ ಸರಿಯಲಿಲ್ಲ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಕೆಮ್ಮು, ತೂಕ, ಮಾತ್ರಿ ಎಲ್ಲಾ ಒಂದ ಕಡಿ ಬರೆದಿದ್ರ ಡಾಕ್ಟರಿಗೆ ಆವಾಗ್ಲೇ ಟಿಬಿ ಸಂಶಯ ಬರ್ತಿತ್ತು ಅಕ್ಕಾರ. ಟಿಬಿ ಇದ್ರ ಆ ಔಷಧಿನೂ ನಿಮ್ಮ ಮಾತ್ರಿನೂ ಹೊಂದಿಸಿ ಕೊಡಬೇಕಾಗ್ತೈತಿ."

"ಬರ್ಕೋರಿ ಹಂಗಾರ. ನೀಲಗಂಗವ್ವ. ಹೆಸರು ಪೂರ್ತಿ ಬರೀರಿ. ಏನು ಬರದ್ರಿ ಅಂತ ನನಗೂ ತೋರಿಸ್ರಿ."

ಕಫದ ಪರೀಕ್ಷೆಯಲ್ಲಿ ಟಿಬಿ ಸಿಕ್ಕಿತು. ಪುಣ್ಯಕ್ಕೆ ಇನ್ನೂ ಆರಂಭ. ಡಾಕ್ಟರು ಶಿರಸಿ ಆಸ್ಪತ್ರೆಯವರೊಂದಿಗೆ ಮಾತಾಡಿ ಎರಡೂ ಔಷಧಿ ಹೊಂದಿಸಿದರು. ಪರಮೇಶ್ವರಪ್ಪನನ್ನೂ ಪರೀಕ್ಷಿಸಿದರು, ಅವನಿಗೆ ಟಿಬಿ ಇರಲಿಲ್ಲ. ಈಗ ಕೆಮ್ಮು ಹೋಗಿದೆ. ಕೇಂದ್ರಕ್ಕೆ ಹೋದಾಗಲೆಲ್ಲ ನೀಲಗಂಗವ್ವ ಮೊದಲು ಕಂಪ್ಯೂಟರಿಗೆ ಇಣುಕುತ್ತಾಳೆ. "ಹೋದ ಸಲಕ್ಕಿಂತ ಎಷ್ಟು ಏರೀನ್ರಿ?" ಎಂದು ಕೇಳಿ, ಕಡಿಮೆ ಅನ್ನಿಸಿದರೆ ಚೌಕಾಸಿಗೂ ಇಳಿಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಹಣ್ಣು ಕೊಟ್ಟು ತಗೊಂಡರೆ ಎಚ್‌ಐವಿ ಅಂಟುವುದಿಲ್ಲ. ಎಚ್‌ಐವಿ ಇದ್ದವರಿಗೆ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. ಹಳೆಯ ಚೀಟಿಗಳನ್ನೆಲ್ಲ ಹಿಡಿದು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಬರೆದದ್ದನ್ನು ಯಾರು ನೋಡುತ್ತಾರೆ ಎಂದು ಧೈರ್ಯವಾಗಿ ಕೇಳಿ, ಕೇಳುವ ಹಕ್ಕು ನಿಮ್ಮದು. ಆಮೇಲೆ ನಿಮ್ಮ ಹೆಸರನ್ನು ಪೂರ್ತಿ ಹೇಳಿ.